ಹನ್ನೆರಡನೇ ಮನೆಯ ಮತ

ಜನವರಿ ೫, ಭಾನುವಾರ

ನನ್ನ ಅರ್ಜಿ ಕೊನೆಗೂ ಇವತ್ತು ಸಂಘದ ಸಭೆಗೆ ಬಂತು.

ಲಕ್ಷ್ಮೀಪುರಂನ ಈ ಸೌಗಂಧಿಕಾ ಅಪಾರ್ಟ್‌ಮೆಂಟಿಗೆ ಲಿಫ್ಟ್ ಇಲ್ಲ. ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ ಮೂರು ಮನೆ, ಒಟ್ಟು ಹನ್ನೆರಡು. ಕಟ್ಟಿದ ಕಾಲಕ್ಕೆ ಎಲ್ಲರ ಮೊಣಕಾಲೂ ಗಟ್ಟಿಯಾಗಿದ್ದವು, ಯಾರೂ ಕೇಳಲಿಲ್ಲ. ನಮ್ಮದು ಮೇಲಿನ ತುದಿಯ ಹನ್ನೆರಡನೇ ನಂಬರು. ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ದಸರೆ ಹೊತ್ತಿಗೆ ಇವರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತೂ ತೊಡರುತ್ತದೆ. ಆಸ್ಪತ್ರೆಯಿಂದ ಸ್ಟ್ರೆಚರಿನಲ್ಲಿ ಮೇಲೆ ಬಂದವರು ಇನ್ನೂ ಕೆಳಗಿಳಿದಿಲ್ಲ. ಹೈಸ್ಕೂಲಿನಲ್ಲಿ ಸಸ್ಯಶಾಸ್ತ್ರ ಕಲಿಸಿ, ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬರುತ್ತಿದ್ದ ಸುಂದರೇಶ ಮೇಷ್ಟ್ರು ಈಗ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಅಂಗಳದ ಹೊಂಗೆ ಮರದ ನೆತ್ತಿ ನೋಡುತ್ತಾರೆ. ಅವರನ್ನು ಮತ್ತೆ ಆ ಮರದ ಬುಡದಲ್ಲಿ ಕೂರಿಸಬೇಕು. ನನಗೆ ಬೇಕಾಗಿರುವುದು ಅದೊಂದೇ.

ಕಾರ್ಯದರ್ಶಿ ಷಡಕ್ಷರಿ ನನ್ನ ಅರ್ಜಿಯನ್ನು ಎರಡು ಸಲ ಓದಿದ. ಒಂದೇ ಸಲಕ್ಕೆ ಅರ್ಥವಾಗುವ ಅರ್ಜಿ ಅದು. ಮೂವತ್ತು ವರ್ಷಕ್ಕೂ ಮೇಲೆ ಲೆಕ್ಕ ತಪಾಸಣೆ ಕಚೇರಿಯಲ್ಲಿ ಕೂತವಳು ನಾನು. ಎರಡನೇ ಸಲ ಓದುವವನು ಹೊತ್ತು ದೂಡುತ್ತಿದ್ದಾನೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಲಿಫ್ಟಿನ ಗೂಡು ಕಟ್ಟಲು ಎಂಜಿನಿಯರು ತೋರಿಸಿದ ಜಾಗ ಮೆಟ್ಟಿಲಿನ ಗೋಡೆಯ ಪಕ್ಕ. ಮೇಲಿನ ಅಂತಸ್ತುಗಳಲ್ಲಿ ಅಲ್ಲಿ ಬರೀ ಗೋಡೆ. ಕೆಳಗೆ ಮಾತ್ರ ಒಂದನೇ ನಂಬರಿನ, ಅಂದರೆ ಷಡಕ್ಷರಿ ಮನೆಯ, ಅಡುಗೆಮನೆ ಕಿಟಕಿ.

"ಅಮ್ಮನಿಗೆ ಬಿಸಿಲು ಬರೋದು ಅದೊಂದೇ ಕಿಟಕಿಯಿಂದ ಮೇಡಂ. ಬೆಳಗ್ಗೆಯಿಂದ ಅಲ್ಲೇ ಕೂತಿರ್ತಾರೆ" ಎಂದ.

ತಾಯಿಯನ್ನು ಮುಂದಿಟ್ಟುಕೊಂಡು ತಮ್ಮ ಕೆಲಸ ಮಾಡಿಕೊಳ್ಳುವ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ. ಇವನಿಗೆ ಅಲ್ಲಿ ಸ್ಕೂಟರ್ ನಿಲ್ಲಿಸಬೇಕು, ಅಷ್ಟೇ.

ಅಧ್ಯಕ್ಷರು ಎಂಟನೇ ನಂಬರಿನ ಕೃಷ್ಣಸ್ವಾಮಿ, ನಿವೃತ್ತ ವಕೀಲರು. ಬೈಲಾ ಪ್ರಕಾರ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಮಾರ್ಚ್ ಮೊದಲ ಭಾನುವಾರ ಮತಕ್ಕೆ ಹಾಕೋಣ ಎಂದರು. ಮೆಟ್ಟಿಲು ಹತ್ತುವಾಗಲೇ ಲೆಕ್ಕ ಹಾಕಿದೆ. ನಮ್ಮ ಅಂತಸ್ತಿನ ಮೂರು, ಎರಡನೇ ಅಂತಸ್ತಿನ ಮೂರು, ಮೊದಲನೆಯದರಲ್ಲಿ ಎರಡು. ಎಂಟು. ಸರಿಯಾಗಿ ಎಂಟು, ಒಂದೂ ಹೆಚ್ಚಿಲ್ಲ. ಇಷ್ಟು ಸರಿಯಾಗಿ ಕೂಡಿಬರುವ ಲೆಕ್ಕ ಕಂಡರೆ ನನಗೆ ನಂಬಿಕೆ ಬರುವುದಿಲ್ಲ.

ಬಂದು ಬೀಗ ತೆಗೆದೆ. ಇವರು ಒಳಗಿದ್ದರೂ ಹೊರಗಿನಿಂದ ಬೀಗ ಹಾಕಿ, ಜಗ್ಗಿ ನೋಡಿಯೇ ನಾನು ಇಳಿಯುವುದು. ಯಾರಾದರೂ ನುಗ್ಗಿದರೆ ಇವರು ಏನು ಮಾಡಿಯಾರು?

"ಏ... ನಂದ್ರು?" ಎಂದು ಕೇಳಿದರು.

"ಲಿಫ್ಟ್ ಬರತ್ತೆ, ಯೋಚನೆ ಮಾಡ್ಬೇಡಿ" ಎಂದೆ. ಇನ್ನೇನೋ ಹೇಳಲು ಬಾಯಿ ತೆರೆದರು. ಸುಮ್ಮನೆ ಯಾಕೆ ಆಯಾಸ ಎಂದು ಅಷ್ಟಕ್ಕೇ ನಿಲ್ಲಿಸಿದೆ.

ಜನವರಿ ೯, ಗುರುವಾರ

ಬೈಲಾ ಪುಸ್ತಕ ಪೂರ್ತಿ ಓದಿದೆ. ಬರೆದವರು ಯಾರೋ, ಅವರನ್ನು ನಮ್ಮ ಕಚೇರಿಗೆ ಕರೆಸಿ ನಿಲ್ಲಿಸಬೇಕಿತ್ತು.

ಹದಿನಾಲ್ಕನೇ ನಿಯಮ: ಎಲ್ಲರಿಗೂ ಸೇರಿದ ಜಾಗದಲ್ಲಿ ಹೊಸದಾಗಿ ಏನಾದರೂ ಕಟ್ಟುವುದಕ್ಕೆ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆ ಬೇಕು, ಮತವನ್ನು ಮನೆಯ ಮಾಲೀಕರೇ ಖುದ್ದಾಗಿ ಹಾಜರಿದ್ದು ಹಾಕತಕ್ಕದ್ದು. ಇಪ್ಪತ್ತೆರಡನೇ ನಿಯಮ: ಸಂಘದ ಸಭೆಗಳಲ್ಲಿ ಆಯಾ ಮನೆಯ ಪರವಾಗಿ ಮನೆಯವರು ಯಾರು ಬೇಕಾದರೂ ಭಾಗವಹಿಸಬಹುದು. ಭಾಗವಹಿಸಬಹುದು ಎಂದರೆ ಕೂತು ಕಾಫಿ ಕುಡಿಯಬಹುದೇ, ಮತವನ್ನೂ ಹಾಕಬಹುದೇ? ಪುಸ್ತಕ ಬಾಯಿ ಬಿಡುವುದಿಲ್ಲ. ಎರಡು ಪಾಲು ಎಂದರೆ ಹನ್ನೆರಡು ಮನೆಯಲ್ಲೋ, ಸಭೆಗೆ ಬಂದವರಲ್ಲೋ? ಅದಕ್ಕೂ ಉತ್ತರವಿಲ್ಲ. ಇಷ್ಟು ವರ್ಷ ಯಾರು ಬಂದರೋ ಅವರು ಕೈ ಎತ್ತಿದ್ದಾರೆ, ಎಣಿಸಿದ್ದಾರೆ, ಮನೆಗೆ ಹೋಗಿದ್ದಾರೆ.

ಆದರೆ ಒಂದು ಸಂಗತಿ ಹೊಳೆಯಿತು. ಒಂದನೇ ನಂಬರು ಷಡಕ್ಷರಿ ಹೆಸರಿನಲ್ಲಿಲ್ಲ, ಅವನ ತಾಯಿ ಸಿದ್ದಲಿಂಗಮ್ಮನ ಹೆಸರಿನಲ್ಲಿದೆ. ಮೂರನೇ ನಂಬರಿನಲ್ಲಿರುವುದು ಬಾಡಿಗೆಯವರು; ಮಾಲೀಕ ಸಿದ್ದಪ್ಪಾಜಿ ನಂಜನಗೂಡಿನಲ್ಲಿ ಕೂತು ಒಂದು ಚೀಟಿ ಬರೆದು ಕಳಿಸುತ್ತಾನೆ. ಹದಿನಾಲ್ಕನ್ನು ಗಟ್ಟಿಯಾಗಿ ಹಿಡಿದರೆ ಕೆಳಗಿನ ಎರಡು ಮತ ಬಿದ್ದುಹೋಗುತ್ತವೆ.

ಬಹಳ ದಿನದ ಮೇಲೆ ಊಟ ರುಚಿಸಿತು.

ಜನವರಿ ೧೪, ಸಂಕ್ರಾಂತಿ

ಎಳ್ಳು ಬೀರುವ ನೆಪದಲ್ಲಿ ಮನೆ ಮನೆಗೆ ಹೋಗಿ ಎಂಟು ಮತವನ್ನೂ ಮತ್ತೆ ಗಟ್ಟಿ ಮಾಡಿಕೊಂಡು ಬಂದೆ. ಏಳನೇ ನಂಬರಿನ ಮರಿಯಯ್ಯ, ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದವರು, "ಆಯ್ತು ಬುಡಿ ಮೇಡಂ, ನಮ್ದೇನೈತೆ" ಎಂದರು. ನಮ್ಮದೇನಿದೆ ಎನ್ನುವವರೇ ಕೊನೆಗೆ ಕೈ ಕೊಡುವುದು.

ಮಧ್ಯಾಹ್ನ ಮೊದಲ ಅಂತಸ್ತಿನ ಗುರುಕಿರಣ್ ಬಂದ. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ಒಳ್ಳೆಯ ತೋಳು ಇರುವ ಹುಡುಗ. ಬಾಲ್ಕನಿಗೆ ಹೋಗಿ ಇವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ಸರ್, ಇವತ್ತು ಹಬ್ಬ. ನಾವು ನಾಲ್ಕು ಜನ ಸೇರಿ ಕುರ್ಚಿ ಸಮೇತ ಇಳಿಸ್ತೀವಿ, ಒಂದು ಗಂಟೆ ಮರದ ಕೆಳಗೆ ಕೂತಿದ್ದು ಬನ್ನಿ. ಷಡಕ್ಷರಿ ಅಣ್ಣನೂ ಕೈ ಹಾಕ್ತೀನಿ ಅಂದ್ರು" ಎಂದ.

ಷಡಕ್ಷರಿ ಹೆಸರು ಬಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹೋದ ಯುಗಾದಿಗೂ ಇದನ್ನೇ ಕೇಳಿದ್ದರು, ದೀಪಾವಳಿಗೂ ಕೇಳಿದ್ದರು. ಈಗ ಮೂರನೇ ಸಲ. ಒಂದೇ ಒಂದು ದಿನ ಇಳಿಸಲಿ, ಆಮೇಲೆ ಸಭೆಯಲ್ಲಿ ಎದ್ದು ನಿಂತು, 'ನೋಡಿ, ಲಿಫ್ಟ್ ಇಲ್ಲದೆಯೂ ಮೇಷ್ಟ್ರು ಇಳಿದರಲ್ಲ' ಎನ್ನುತ್ತಾರೆ. ಬಿದ್ದುಗಿದ್ದರೆ ಯಾರು ಹೊಣೆ ಎಂದು ಕೇಳಿ ಕಳಿಸಿಬಿಟ್ಟೆ.

ಇವರು ಅವನು ಹೋದ ಬಾಗಿಲನ್ನೇ ನೋಡುತ್ತಿದ್ದರು. "ಸ್ವಲ್ಪ ದಿನ ತಾಳ್ಕೊಳ್ಳಿ, ರಾಜನ ಹಾಗೆ ಲಿಫ್ಟಲ್ಲಿ ಇಳೀತೀರಂತೆ" ಎಂದೆ. ತಲೆ ಆಡಿಸಿದರು. ಪಾಪ, ಇವರಿಗೂ ಗೊತ್ತು ಕೆಳಗಿನವರ ಆಟ.

ಜನವರಿ ೨೨, ಬುಧವಾರ

ಮರಿಯಯ್ಯ ಷಡಕ್ಷರಿಯ ಮನೆ ಜಗಲಿಯಲ್ಲಿ ಅವನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಯಾರ ಅವರೆಕಾಯಿ? ಮರಿಯಯ್ಯ ಯಾಕೆ ಬಿಡಿಸಬೇಕು? ನಾನು ಹಾದುಹೋಗುವಾಗ ಇಬ್ಬರೂ ಮಾತು ನಿಲ್ಲಿಸಿದರು.

ಎಂಟರಲ್ಲಿ ಒಂದು ಹೋಯಿತು ಎಂದೇ ಇಟ್ಟುಕೊಳ್ಳಬೇಕು.

ಜನವರಿ ೨೫, ಶನಿವಾರ

ಇವತ್ತು ಕಂಡಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಿ ಬರೆಯುತ್ತೇನೆ.

ಬಾಲ್ಕನಿಯ ಕಂಬಿಗೆ ಒಂದು ಬುಟ್ಟಿ ಕಟ್ಟಿದ್ದೇನೆ. ಸೊಪ್ಪಿನವಳು ಬಂದಾಗ ಹಗ್ಗದಲ್ಲಿ ಇಳಿಬಿಟ್ಟರೆ ಮೆಟ್ಟಿಲು ಉಳಿಯುತ್ತದೆ. ಹಗ್ಗಕ್ಕೆ ನಾನು ಹಾಕುವ ಗಂಟು ನನ್ನದೇ, ಕಡತ ಕಟ್ಟುವ ಗಂಟು, ಇನ್ನು ಯಾರಿಗೂ ಬರುವುದಿಲ್ಲ. ಬ್ಯಾಂಕಿಗೆ ಹೋಗಿ ಬಂದು ನೋಡಿದರೆ ಗಂಟು ಬೇರೆ. ಒಂದೇ ಕೈಯಲ್ಲಿ ಸುತ್ತಿದ ಹಾಗೆ ಒಡ್ಡೊಡ್ಡಾಗಿದೆ. ಬುಟ್ಟಿಯ ತಳದಲ್ಲಿ ಒಂದೆಸಳು ಕರಿಬೇವು, ಎಲೆಯಲ್ಲಿ ಸುತ್ತಿದ ಅರ್ಧ ಒಬ್ಬಟ್ಟು.

"ಯಾರು ಕೊಟ್ರು?" ಎಂದೆ.

"ಸಿದ್ದ... ಲಿಂಗಮ್ಮ" ಎಂದರು. ಮುಖದಲ್ಲಿ ನಗು. ಬಲಗಡೆ ತುಟಿ ಏಳುವುದಿಲ್ಲ, ಎಡಗಡೆಯೊಂದೇ ನಗುತ್ತದೆ.

ಅಂದರೆ ನಾನು ಬೀಗ ಹಾಕಿ ಹೋದಾಗಲೆಲ್ಲ ಇದು ನಡೆಯುತ್ತಿದೆ. ಬಾಗಿಲಿಗೆ ಬೀಗ ಹಾಕಿದರೆ ಬಾಲ್ಕನಿಯಿಂದ ಬಂದರು. ಆ ಮುದುಕಿ ಕೆಳಗೆ ಅಂಗಳದಲ್ಲಿ ನಿಂತು ಒಬ್ಬಟ್ಟು ಕಳಿಸಿ ಇವರ ಬಾಯಿಂದ ಏನೇನು ತೆಗೆಯುತ್ತಿದ್ದಾಳೋ. ನಮ್ಮ ಕಡೆ ಎಷ್ಟು ಮತ ಇದೆ ಎಂದು ಇವರಿಗೆ ಗೊತ್ತು, ನಾನೇ ಓದಿ ಹೇಳಿದ್ದೇನೆ. ಬುಟ್ಟಿ ಬಿಚ್ಚಿ ಒಳಗಿಟ್ಟೆ.

ಉಳಿದ ಅರ್ಧ ಒಬ್ಬಟ್ಟನ್ನು ಎಸೆಯಲು ಮನಸ್ಸು ಬರಲಿಲ್ಲ, ತಿಂದೆ. ಏಲಕ್ಕಿ ಸ್ವಲ್ಪ ಹೆಚ್ಚು.

ಜನವರಿ ೨೮

ಬುಟ್ಟಿ ಇಲ್ಲದೆ ಇವರು ಊಟ ಸರಿಯಾಗಿ ಮಾಡುತ್ತಿಲ್ಲ. ಮತ್ತೆ ಕಟ್ಟಿದೆ. ಸೊಪ್ಪಿಗೆ ಬೇಕಲ್ಲ.

ಫೆಬ್ರವರಿ ೨, ಭಾನುವಾರ

ನಿಯಮದ ಅರ್ಥ ಏನೆಂದು ತೀರ್ಮಾನಿಸಲು ಸಭೆ ಕರೆಸಿದವಳೂ ನಾನೇ. ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾನು ಹದಿನಾಲ್ಕನ್ನು ಓದಿ, ಮಾಲೀಕರೇ ಖುದ್ದಾಗಿ ಬರಬೇಕು, ಮಗ ಬಂದರೆ ಆಗದು, ಚೀಟಿ ಬಂದರೂ ಆಗದು ಎಂದೆ. ಎರಡು ಪಾಲನ್ನು ಬಂದವರಲ್ಲಿ ಎಣಿಸಬೇಕು ಎಂದೂ ಸೇರಿಸಿದೆ.

ಷಡಕ್ಷರಿ ಇಪ್ಪತ್ತೆರಡನ್ನು ಓದಿದ. "ಇಷ್ಟು ವರ್ಷ ಮನೆಯವರು ಯಾರು ಬಂದ್ರೂ ಕೈ ಎತ್ತಿಲ್ವಾ ಮೇಡಂ? ನಾವೆಲ್ಲ ಹಾಗೇ ನಡ್ಕೊಂಡು ಬಂದಿದ್ದೀವಿ" ಎಂದ.

"ನಡ್ಕೊಂಡು ಬಂದಿದ್ದೆಲ್ಲ ಸರಿ ಆಗಿದ್ರೆ ತಪಾಸಣೆ ಇಲಾಖೆನೇ ಬೇಕಾಗಿರಲಿಲ್ಲ" ಎಂದೆ. ಒಂದಿಬ್ಬರು ನಕ್ಕರು. ನನಗೂ ಹಿತವಾಯಿತು.

ಕೃಷ್ಣಸ್ವಾಮಿ ಕನ್ನಡಕ ಒರೆಸಿಕೊಂಡು ತೀರ್ಪು ಹೇಳುವವರ ಹಾಗೆ ಹೇಳಿದರು. ಇಪ್ಪತ್ತೆರಡು ಎಲ್ಲ ಸಭೆಗೂ ಹೊಂದುವ ಸಾಮಾನ್ಯ ಮಾತು, ಹದಿನಾಲ್ಕು ಕಟ್ಟಡದ ಕೆಲಸಕ್ಕೆಂದೇ ಬರೆದದ್ದು. ಆದ್ದರಿಂದ ಲಿಫ್ಟಿಗೆ ಹದಿನಾಲ್ಕೇ ನಡೆಯಬೇಕು, ಮಾಲೀಕರೇ ಬರಬೇಕು. ನಾನು ಗೆದ್ದೆ. ಆದರೆ ಎರಡು ಪಾಲು ಎಂದರೆ ಹನ್ನೆರಡು ಮನೆಯಲ್ಲಿ ಎರಡು ಪಾಲು, ಯಾರು ಬರಲಿ ಬಿಡಲಿ ಎಂಟು ಕೈ ಏಳಲೇಬೇಕು ಎಂದರು. ಅಂದರೆ ಕೆಳಗಿನವರ ಮತ ಬಿದ್ದುಹೋದರೂ ನನಗೆ ಲಾಭವಿಲ್ಲ. ಹೋಗಲಿ, ನನ್ನ ಎಂಟು ನನಗಿದೆ ಎಂದುಕೊಂಡೆ.

ಆಮೇಲೆ ಅವರು ಮಾಲೀಕರ ಹೆಸರು ಒಂದೊಂದಾಗಿ ಓದಿದರು. ಒಂದು, ಸಿದ್ದಲಿಂಗಮ್ಮ. ಮೂರು, ಸಿದ್ದಪ್ಪಾಜಿ. ಏಳು, ಮರಿಯಯ್ಯ. ಕೊನೆಗೆ, ಹನ್ನೆರಡು, ಸುಂದರೇಶ.

ಎಲ್ಲರೂ ನನ್ನ ಕಡೆ ನೋಡಿದರು.

ದೇವರಾಣೆ, ನಮ್ಮ ಮನೆಗೂ ಇದು ತಗಲುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಈ ಮನೆಗೆ ಬಂದಾಗಿನಿಂದ ಪ್ರತಿ ಸಭೆಯಲ್ಲೂ ಕೈ ಎತ್ತಿದವಳು ನಾನು. ಇವರು ಒಂದು ಸಭೆಗೂ ಬಂದವರಲ್ಲ, ಆ ಹೊತ್ತಿಗೆ ಕೆರೆ ಹತ್ತಿರ ಯಾವುದೋ ಗಿಡ ನೋಡುತ್ತಿರುತ್ತಿದ್ದರು. ಹಳೆಯ ವಾಡಿಕೆಯಲ್ಲೇ ಬಿಟ್ಟಿದ್ದರೆ ನಾನು ಕೈ ಎತ್ತುತ್ತಿದ್ದೆ, ಎಂಟಾಗುತ್ತಿತ್ತು, ಕೆಲಸ ಮುಗಿಯುತ್ತಿತ್ತು. ಈಗ ಇವರೇ ಇಳಿದು ಬರಬೇಕು.

ಇದು ಷಡಕ್ಷರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಮಾತಾಡಲು ಬಿಟ್ಟ. ಅವನ ಮುಖದಲ್ಲಿ ನಗು ಇರಲಿಲ್ಲ, ನಗದೇ ಇರುವುದೇ ಅನುಮಾನ.

ಫೆಬ್ರವರಿ ೩

ತಲೆನೋವು. ಯಾರಿಗೂ ಬಾಗಿಲು ತೆಗೆಯಲಿಲ್ಲ.

ಫೆಬ್ರವರಿ ೧೨, ಬುಧವಾರ

ಷಡಕ್ಷರಿ ಮೇಲೆ ಬಂದಿದ್ದ. ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಲ್ಲಿಸಿದೆ.

"ಮೇಡಂ, ಒಂದು ಮಾತು. ಎಲ್ಲರನ್ನೂ ಕೇಳಿದೀನಿ, ಯಾರದ್ದೂ ಅಭ್ಯಂತರ ಇಲ್ಲ. ಹಳೇ ವಾಡಿಕೆ ಪ್ರಕಾರನೇ ಹೋಗೋಣ. ಮೇಷ್ಟ್ರ ಪರವಾಗಿ ನೀವು ಎತ್ತಿ, ಅಮ್ಮನ ಪರವಾಗಿ ನಾನು ಬೇಡ ಅಂತೀನಿ. ಯಾರು ಗೆಲ್ತಾರೋ ಗೆಲ್ಲಲಿ. ಯಾಕೆ ಸುಮ್ನೆ ಇಬ್ಬರು ವಯಸ್ಸಾದವರಿಗೆ ತೊಂದ್ರೆ?"

ಇದರಲ್ಲಿ ಅವನಿಗೇನು ಲಾಭ ಎಂದು ನಿಂತ ನಿಂತಲ್ಲೇ ಹುಡುಕಿದೆ. ಸಿಗಲಿಲ್ಲ. ಲಾಭ ಕಾಣದ ಕಡೆಯೇ ಹೆಚ್ಚು ಎಚ್ಚರ ಬೇಕು. ನಾಳೆ ನಾನು ಕೈ ಎತ್ತಿ ಗೆದ್ದರೆ, ನಾಡಿದ್ದು ಇವನೇ ಹೋಗಿ ನಿಯಮ ಮೀರಿದ ಮತ ಎಂದು ಲಿಫ್ಟನ್ನು ನಿಲ್ಲಿಸಬಹುದು. ಮರಿಯಯ್ಯನೂ ಮಾತು ತಪ್ಪಬಹುದು.

"ತೀರ್ಮಾನ ಆಗಿದೆಯಲ್ಲ. ನಮ್ಮನೆಯವರು ಬರ್ತಾರೆ" ಎಂದೆ.

"ಹಾಗಾದ್ರೆ ಇಳಿಸೋಕೆ ನಾವಿದ್ದೀವಿ, ಹೇಳಿ ಕಳಿಸಿ" ಎಂದು ಹೊರಟ.

ಮತದ ದಿನವೇ ಇಳಿಸಿದರೆ ತೊಂದರೆಯಿಲ್ಲ ಎಂದು ಆಮೇಲೆ ಯೋಚಿಸಿದೆ. ಕೈ ಎತ್ತಿದ ಮೇಲೆ ಅದನ್ನು ಯಾರೂ ನಮ್ಮ ವಿರುದ್ಧ ಬಳಸಲಾರರು.

ಇವರಿಗೆ ಹೇಳಿದೆ. "ಮಾರ್ಚ್ ಎರಡಕ್ಕೆ ನಿಮ್ಮನ್ನ ಕೆಳಗೆ ಇಳಿಸ್ತಾರೆ. ನೀವೇ ಮತ ಹಾಕಬೇಕು."

ನನ್ನನ್ನೇ ದಿಟ್ಟಿಸಿ ನೋಡಿದರು. ಎಡಗೈಯಿಂದ ನನ್ನ ಮುಂಗೈ ಹಿಡಿದರು. "ನಿಜ್ವಾ?" ಎಂದರು. ಆ ಮಾತು ಎಲ್ಲೂ ತೊಡರಲಿಲ್ಲ. ಲಿಫ್ಟ್ ಎಂದರೆ ಇವರಿಗೆ ಎಷ್ಟು ಆಸೆ ಎಂದು ಇವತ್ತು ಗೊತ್ತಾಯಿತು.

ಫೆಬ್ರವರಿ ೨೬, ಶಿವರಾತ್ರಿ

ಇವರು ದಿನವೂ ಎಷ್ಟು ದಿನ ಉಳಿಯಿತು ಎಂದು ಬೆರಳು ಮಡಿಸಿ ಕೇಳುತ್ತಾರೆ. ಹಳೆಯ ಕೆನೆಬಣ್ಣದ ಜುಬ್ಬ ತೆಗೆಸಿ ಇಸ್ತ್ರಿ ಮಾಡಿಸಿಕೊಂಡಿದ್ದಾರೆ. ಎಡಗೈ ಎತ್ತಿ ಇಳಿಸಿ ಅಭ್ಯಾಸ ಮಾಡುವುದನ್ನೂ ನೋಡಿದೆ.

ಬೆಳಗ್ಗೆ ಸ್ನಾನದ ಮನೆಯಲ್ಲಿದ್ದೆ. ಸಿದ್ದಲಿಂಗಮ್ಮ ಕೆಳಗಿನಿಂದ ಕೂಗುತ್ತಿದ್ದರು. ವಯಸ್ಸಾದರೂ ಗಂಟಲು ಗಂಟೆಯ ಹಾಗಿದೆ. "ಮೇಷ್ಟ್ರೇ, ಎಂಗಿದ್ದೀರಾ? ಬಿಲ್ಪತ್ರೆ ಮಡಗಿವ್ನಿ, ಎಳ್ಕಳಿ! ಭಾನ್ವಾರ ನಾನೂ ಬತ್ತೀನಿ ಸಭೆಗೆ. ನಾನ್ ಏಳಿದ್ದು ಗ್ಯಾಪ್ಕ ಐತಾ?"

ಏನು ಹೇಳಿದ್ದು? ಇವರು ತಲೆಯಾಡಿಸುವುದು ಬಾಗಿಲ ಸಂದಿಯಿಂದ ಕಂಡಿತು. ಹೌದು ಎಂದೋ ಅಲ್ಲ ಎಂದೋ ತಿಳಿಯಲಿಲ್ಲ. ಬೇಗ ಹೊರಗೆ ಬಂದೆ. ಕೇಳಿದರೆ, "ಆಮೇ...ಲೆ" ಎಂದರು. ಮದುವೆಯಾಗಿ ನಲವತ್ತು ವರ್ಷದ ಮೇಲೆ ಇವರು ನನ್ನಿಂದ ಮುಚ್ಚಿಟ್ಟ ಮೊದಲ ಮಾತು ಇದು.

ಬಿಲ್ವಪತ್ರೆಯನ್ನು ದೇವರಿಗೆ ಏರಿಸಿದೆ. ದೇವರದ್ದೇನು ತಪ್ಪು.

ಮಾರ್ಚ್ ೨, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ನಾಲ್ವರು ಬಂದರು: ಗುರುಕಿರಣ್, ಮರಿಯಯ್ಯ, ಮೂರನೇ ನಂಬರಿನ ಬಾಡಿಗೆಯವರು, ಷಡಕ್ಷರಿ. ಇವರ ಬೆತ್ತದ ಕುರ್ಚಿಯ ಕೈಗಳಿಗೆ ಗಳ ಕಟ್ಟಿ, ಎದೆಗೆ ನನ್ನ ಹಳೆಯ ಸೀರೆ ಸುತ್ತಿ ಕುರ್ಚಿಗೆ ಬಿಗಿದರು. ಉತ್ಸವ ಮೂರ್ತಿಯ ಹಾಗೆ ಎತ್ತಿದರು. ತಿರುವಿನಲ್ಲಿ ಷಡಕ್ಷರಿ ಹಿಂದಕ್ಕೆ ಹೆಜ್ಜೆ ಇಡುತ್ತ ಭಾರವನ್ನೆಲ್ಲ ತನ್ನ ಹೆಗಲಿಗೆ ಹಾಕಿಕೊಂಡ. ಕುತ್ತಿಗೆಯ ನರ ಉಬ್ಬಿತ್ತು. ನಾನು ಹಿಂದೆಯೇ, ಯಾರಾದರೂ ಕೈ ಬಿಟ್ಟಾರೆಂದು ಕುರ್ಚಿಯ ಬೆನ್ನು ಹಿಡಿದುಕೊಂಡೇ ಇಳಿದೆ. ಯಾರೂ ಬಿಡಲಿಲ್ಲ. ಕಾಫಿ ಕಾಯುವಷ್ಟು ಹೊತ್ತಿನಲ್ಲಿ ಕೆಳಗಿದ್ದೆವು.

ಹೊಂಗೆ ಚಿಗುರಿತ್ತು. ಇವರನ್ನು ಮರದ ಬುಡದಲ್ಲಿ ಇಳಿಸಿದಾಗ ಮೊದಲು ಹೇಳಿದ ಮಾತು, "ಚಪ್ಲಿ... ತೆಗಿ". ತೆಗೆದೆ. ಎಡಗಾಲನ್ನು ಮಣ್ಣಿಗೆ ಒತ್ತಿ, ಬೆರಳುಗಳನ್ನು ಆಡಿಸುತ್ತ ಕೂತರು. ತಲೆ ಎತ್ತಿ, ಮೇಲಿನಿಂದ ಮಾತ್ರ ನೋಡುತ್ತಿದ್ದ ಮರವನ್ನು ಕೆಳಗಿನಿಂದ ನೋಡಿದರು. ನನಗೆ ಅಳು ಬಂತು. ಜನರ ಎದುರು ಬೇಡವೆಂದು ಸೆರಗಿನಿಂದ ಮೂಗು ಒರೆಸಿಕೊಂಡೆ.

ಸಿದ್ದಲಿಂಗಮ್ಮ ಕೋಲು ಊರಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಹತ್ತಿರದಿಂದ ನೋಡಿ ವರ್ಷಗಳಾಗಿತ್ತು, ಬಹಳ ಸಣ್ಣಗಾಗಿದ್ದಾರೆ. "ಅಯ್ಯೋ ಮೇಷ್ಟ್ರೇ, ಮ್ಯಾಲಿಂದ ಎಷ್ಟು ದೊಡ್ಡೋರಾಗಿ ಕಾಣ್ತಿದ್ರಿ!" ಎಂದರು. ಇಬ್ಬರೂ ನಕ್ಕರು.

ಮಾಲೀಕರಲ್ಲದವರು ಹಿಂದೆ ಕೂರಬೇಕು ಎಂದು ಕೃಷ್ಣಸ್ವಾಮಿ ಹೇಳಿದರು. ನಾನೇ ಮಾಡಿಸಿದ ನಿಯಮ. ಹಿಂದಿನ ಸಾಲಿಗೆ ಹೋದೆ, ಪಕ್ಕದಲ್ಲಿ ಷಡಕ್ಷರಿ. ನನಗೆ ಇವರ ತಲೆಯ ಹಿಂಭಾಗ, ತೊಡೆಯ ಮೇಲಿದ್ದ ಎಡಗೈ ಮಾತ್ರ ಕಾಣುತ್ತಿತ್ತು.

"ಲಿಫ್ಟ್ ಬೇಕು ಅನ್ನೋರು ಕೈ ಎತ್ತಿ."

ಎಣಿಸಿದೆ. ನಮ್ಮ ಅಂತಸ್ತಿನ ಎರಡು. ಎರಡನೇ ಅಂತಸ್ತಿನ ಮೂರು. ಮರಿಯಯ್ಯ ಎಲ್ಲರಿಗಿಂತ ಮೊದಲು ಎತ್ತಿದ್ದರು. ಗುರುಕಿರಣ್, ಅವನ ಎದುರು ಮನೆಯವರು. ಏಳು. ಒಬ್ಬರೂ ಮಾತು ತಪ್ಪಿರಲಿಲ್ಲ.

ಎಡಗೈ ತೊಡೆಯ ಮೇಲೇ ಇತ್ತು.

"ರೀ, ಕೈ ಎತ್ರೀ" ಎಂದು ಹಿಂದಿನಿಂದ ಪಿಸುಗುಟ್ಟಿದೆ. ಕೇಳಿಸಲಿಲ್ಲವೇನೋ ಎಂದು ಗಟ್ಟಿಯಾಗಿಯೇ ಹೇಳಿದೆ.

"ಮೇಷ್ಟ್ರೇ?" ಎಂದರು ಕೃಷ್ಣಸ್ವಾಮಿ.

ಇವರು ತಲೆ ಅಲ್ಲಾಡಿಸಿದರು.

"ಬೇಡ ಅನ್ನೋರು?"

ನೆಲಮಹಡಿಯ ಎರಡನೇ ನಂಬರಿನವರು ಎತ್ತಿದರು, ಮೊದಲ ಅಂತಸ್ತಿನ ಉಳಿದ ಒಬ್ಬರು ಎತ್ತಿದರು. ಸಿದ್ದಲಿಂಗಮ್ಮ ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಆಗ ಆ 'ಅಭ್ಯಾಸ' ಮಾಡಿದ ಎಡಗೈ ಮೆಲ್ಲಗೆ ಮೇಲೇರಿತು. ಪೂರ್ತಿ ಏರಿತು.

"ಇದೇನ್ ಮಾಡ್ಬುಟ್ರಿ ಮೇಷ್ಟ್ರೇ!" ಸಿದ್ದಲಿಂಗಮ್ಮ ಕೂಗಿಕೊಂಡರು. "ಲಿಪ್ಟ್ ಬರ್ಲಿ, ಕೈ ಎತ್ತಿ, ನಂದೇನ್, ಬಿಸ್ಲು ಕಾದಿದ್ದಾಯ್ತು ಅಂತ ಅಷ್ಟು ಸಲ ಏಳಿವ್ನಿ! ಗ್ಯಾಪ್ಕ ಐತಾ ಅಂದ್ರೆ ತಲೆ ಆಡಿಸ್ತಿದ್ರಲ್ಲ!"

ಏಳು. ಒಂದು ಮತ ಕಡಿಮೆಯಾಗಿ ಲಿಫ್ಟ್ ಬಿದ್ದುಹೋಯಿತು. ಎರಡು ತಿಂಗಳಿಂದ ಹನ್ನೊಂದು ಮನೆಗಳನ್ನು ಅನುಮಾನಿಸಿದೆ. ಹನ್ನೆರಡನೆಯದರ ಕಡೆ ನೋಡಿಯೇ ಇರಲಿಲ್ಲ.

ಷಡಕ್ಷರಿ ನನ್ನ ಕಡೆ ತಿರುಗಿ, "ಮೇಡಂ, ನನಗೆ ಗೊತ್ತಿರಲಿಲ್ಲ" ಎಂದರು. ಅವರ ಮುಖವೂ ಬಿಳುಚಿಕೊಂಡಿತ್ತು.

ಮೇಲೆ ಕರೆದುಕೊಂಡು ಹೋಗೋಣವೇ ಎಂದರೆ ಇವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸಂಜೆಯವರೆಗೆ ಅಲ್ಲೇ ಇದ್ದರು. ಸಿಟ್ಟಿನಲ್ಲಿ ನಾನು ಒಬ್ಬಳೇ ಮೇಲೆ ಬಂದೆ, ಅನ್ನ ಇಟ್ಟೆ, ತಳ ಸೀಯಿಸಿಬಿಟ್ಟೆ.

ಮಾರ್ಚ್ ೩

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಈ ಸಲ ಅವರ ಮಾತು ಮುಗಿಯುವವರೆಗೆ ಕಾದೆ, ಬಹಳ ಹೊತ್ತು ಹಿಡಿಯಿತು.

"ಆ ಕಿಟಕಿ... ಮುಚ್ಚಿದ್ರೆ... ಅವ್ರು ಎಲ್ಲಿ ಕೂರೋದು?" ಉಸಿರು ತೆಗೆದುಕೊಂಡರು. "ಲಿಫ್ಟು... ಎರಡು ವರ್ಷ ಆಗತ್ತೆ ಕಣೇ. ನಂಗೆ... ಈಗ ಇಳೀಬೇಕು." ಮತ್ತೆ ಉಸಿರು. "ಅವ್ರು... ಇಳಿಸ್ತೀವಿ ಅಂತ... ಹೋದ ವರ್ಷಾನೇ... ಕರೆದ್ರಲ್ಲ."

ಬೈಯಲಿಲ್ಲ, ದೂರಲಿಲ್ಲ. ನೀನು ಯಾಕೆ ಬೇಡ ಅಂದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಕಾರಣ ಇತ್ತು, ಬರೆದೇ ಇಟ್ಟಿದ್ದೇನೆ. ಸಂಕ್ರಾಂತಿಯ ಪುಟಕ್ಕೆ ತಿರುಗಿಸಿ ಓದಿದೆ.  ಮುಚ್ಚಿಟ್ಟೆ.

ಮಾರ್ಚ್ ೧೧, ಮಂಗಳವಾರ

ನಾಲ್ಕೂವರೆಗೆ ಗುರುಕಿರಣ್ ಶಿಫ್ಟ್ ಮುಗಿಸಿ ಬಂದ ಕೂಡಲೇ ಇಳಿಸುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಹತ್ತಿಸುತ್ತಾರೆ. ಒಂದು ವಾರದಿಂದ ಹೀಗೇ. ಗಳದ ಗಂಟು ಸಡಿಲ ಎನ್ನಿಸಿ ನಿನ್ನೆ ನಾನೇ ನನ್ನ ಗಂಟು ಹಾಕಿಕೊಟ್ಟೆ. ಷಡಕ್ಷರಿ ಹೇಗೆ ಹಾಕುವುದೆಂದು ಕೇಳಿದರು, ಕಲಿಸಿದೆ. ಹಿತ್ತಿಲ ಕಡೆಯ ಗೋಡೆಗೆ ಹೊಂದಿಸಿ ಲಿಫ್ಟ್ ಕಟ್ಟಬಹುದೇನೋ, ಆಗ ಯಾರ ಕಿಟಕಿಯೂ ಹೋಗುವುದಿಲ್ಲ, ಭಾನುವಾರ ಇಬ್ಬರೂ ಸೇರಿ ಅಳೆಯೋಣ ಎಂದಿದ್ದಾರೆ. ಅಳೆಯುವಾಗ ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿರಬೇಕು ಎಂದಿದ್ದೇನೆ. ನಕ್ಕು ಒಪ್ಪಿದರು.

ಇವತ್ತು ನಾನು ಮೇಲೆ ಅಕ್ಕಿ ಆರಿಸುತ್ತಿದ್ದೆ. ಬಾಲ್ಕನಿಯಲ್ಲಿ ಬುಟ್ಟಿ ತಾನಾಗಿ ಕಂಬಿಗೆ ಬಡಿಯಿತು. ಹೋಗಿ ನೋಡಿದರೆ ಕೆಳಗೆ ಇಳಿಬಿದ್ದಿದ್ದ ಹಗ್ಗದ ತುದಿ ಇವರ ಎಡಗೈಯಲ್ಲಿದೆ, ಎಳೆಯುತ್ತಿದ್ದಾರೆ. ಮಫ್ಲರ್ ಬೇಕೇನೋ ಎಂದು ಬುಟ್ಟಿಯಲ್ಲಿಟ್ಟು ಇಳಿಬಿಟ್ಟೆ. ಮಫ್ಲರ್ ತೆಗೆದು ಸಿದ್ದಲಿಂಗಮ್ಮನ ಕೈಗೆ ಕೊಟ್ಟು, ಮತ್ತೆ ಹಗ್ಗ ಎಳೆದರು. ಏನು ಬೇಕು ಎಂದು ಮೇಲಿನಿಂದಲೇ ಕೈ ಆಡಿಸಿ ಕೇಳಿದೆ.

ನನ್ನ ಕಡೆ ಬೆರಳು ತೋರಿಸಿ, ಬಾ ಎಂದು ಕರೆದರು.

ಅಕ್ಕಿಯ ಮೊರ ಹಾಗೇ ಬಿಟ್ಟು, ಬಾಗಿಲು ಮುಂದೆ ಎಳೆದುಕೊಂಡು ಇಳಿದೆ. ಮೊಣಕಾಲು ನೋಯುತ್ತಿತ್ತು. ಸಿದ್ದಲಿಂಗಮ್ಮ ಸರಿದು ಜಾಗ ಕೊಟ್ಟರು, ಬಿಸಿಲು ಇರುವ ಕಡೆಯೇ ಕೊಟ್ಟರು. ಮೂವರೂ ಬಹಳ ಹೊತ್ತು ಕೂತಿದ್ದೆವು. ಆ ಒಬ್ಬಟ್ಟಿಗೆ ಏಲಕ್ಕಿ ಹೆಚ್ಚಾಗಿತ್ತು ಎಂದು ಹೇಳಿಬಿಟ್ಟೆ, "ನೀವೂ ತಿಂದ್ರಾ!" ಎಂದು ಅವರು ಕೈ ತಟ್ಟಿ ನಕ್ಕರು.

ಕತ್ತಲಾಗುವಾಗ ನಾಲ್ವರು ಇವರನ್ನು ಹೊತ್ತು ಮುಂದೆ ಹತ್ತಿದರು, ನಾನು ಹಿಂದೆ ಹತ್ತಿದೆ. ಬಾಗಿಲು ಎಳೆದುಬಂದ ಹಾಗೇ ಇತ್ತು. ಬೀಗ ಒಳಗೆ ಮೊಳೆಯಲ್ಲಿ ತೂಗುತ್ತಿತ್ತು.